ನನ್ನ ರೊಟ್ಟಿಯ ಸಪ್ಪಳ

ಮೈಯಲ್ಲಿ ಕಸುವಿಲ್ಲದವರಿಗೆ ಹೊಟ್ಟೆಕಿಚ್ಚೂ ಕಡಿಮೆ ಎಂದು ಯಾರಾದರೂ ತಿಳಿದಿದ್ದರೆ ಅವರು ನನ್ನನ್ನು ನೋಡಿಲ್ಲ. ನೀರು ತುಂಬಿದ ತಂಬಿಗೆ ಎತ್ತಿದರೆ ಕೈ ನಡುಗುತ್ತಿದ್ದ ದಿನಗಳಲ್ಲೂ ನನ್ನ ಹೊಟ್ಟೆಕಿಚ್ಚು ಮಾತ್ರ ಗಟ್ಟಿಮುಟ್ಟಾಗಿತ್ತು. ಬೆಳಿಗ್ಗೆ ನನಗಿಂತ ಮೊದಲು ಅದೇ ಎದ್ದು ಕೂಡುತ್ತಿತ್ತು.

ಅದು ಇದ್ದದ್ದು ನನ್ನ ನೆಗೆಣ್ಣಿಯ ಮೇಲೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯ ಮೇಲೆ. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಅವಳು ಜೇವರ್ಗಿಯವಳು, ನಾನು ಅಫಜಲಪುರದವಳು. ಇಬ್ಬರೂ ಸೊಸೆಯರಾಗಿ ಬಂದು ಸೇರಿದ್ದು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನಕ್ಕೆ. ನಾನು ಬಂದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ಅವಳು ನನಗಿಂತ ನಾಲ್ಕು ವರ್ಷ ಮೊದಲೇ ಬಂದು ಇಬ್ಬರು ಗಂಡುಮಕ್ಕಳನ್ನು ಹೆತ್ತಿದ್ದಳು.

ನನ್ನನ್ನು ನೋಡಲು ಬಂದಾಗ ಅತ್ತೆ ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಅವರ ಎರಡೂ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಎರಡು ರೊಟ್ಟಿ ಬಡಿ ಎಂದು ನನ್ನನ್ನು ಒಳಗೆ ಕಳಿಸಿ, ತಾವು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಕೇಳಿದರು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿದು ಅಗಲ ಮಾಡುತ್ತೇವೆ. ಮುಂಜಾನೆ ಓಣಿಯಲ್ಲಿ ನಡೆದರೆ ಮನೆಮನೆಯಿಂದ ಆ ಸಪ್ಪಳ ಬರುತ್ತದೆ; ತಿಳಿದವರು ಸಪ್ಪಳ ಕೇಳಿಯೇ ಒಳಗೆ ಯಾರು ಕೂತಿದ್ದಾರೆ ಎಂದು ಹೇಳುತ್ತಾರೆ. ಅಕ್ಕನದು ಒಂದೇ ಸಮನೆ ಟಪಟಪ ಎಂದು ಓಡುವ ಕೈ. ನನ್ನದು ನನ್ನ ಅವ್ವ ಕಲಿಸಿದ್ದು: ಎರಡು ಸಣ್ಣ ಬಡಿತ, ಒಂದು ದೊಡ್ಡ ಬಡಿತ, ಆಮೇಲೆ ರೊಟ್ಟಿ ತಿರುಗಿಸುವಷ್ಟು ಬಿಡುವು. ಎರಡನೆಯ ರೊಟ್ಟಿ ಮುಗಿಯುವ ಮೊದಲೇ ಅತ್ತೆ ಹೂಂ ಅಂದುಬಿಟ್ಟರು. ಹೆಣ್ಣಿನ ಮನಸ್ಸು ಕೆಲಸದ ಮೇಲೆ ಇದೆಯೋ ಇಲ್ಲವೋ ಎಂಬುದು ರೊಟ್ಟಿಯ ಸಪ್ಪಳದಲ್ಲಿ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ.

ಮನೆಮಂದಿ, ಹೊಲದ ಆಳುಗಳು ಎಲ್ಲ ಸೇರಿ ದಿನಕ್ಕೆ ಅರವತ್ತು ರೊಟ್ಟಿ ಬೇಕಾಗುತ್ತಿತ್ತು. ಮೂವತ್ತು ಅಕ್ಕನದು, ಮೂವತ್ತು ನನ್ನದು. ಮೊದಲು ಅವಳು ಕೂಡುತ್ತಿದ್ದಳು, ಆಮೇಲೆ ನಾನು. ಹಿಟ್ಟು ಮುಗಿಯುವ ಹೊತ್ತಿಗೆ ಉಳಿದ ಒಂದು ಮುಷ್ಟಿಯಲ್ಲಿ ಅಂಗೈಯಗಲದ ಸಣ್ಣ ರೊಟ್ಟಿ ಬಡಿದು, ಅದಕ್ಕೆ ಎಣ್ಣೆ ಸವರಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ ಮನೆಯ ಕೂಸಿಗೆ ಕೊಡುವುದು ರೂಢಿ. ನನ್ನ ಮಗಳು ಹಲ್ಲು ಬಂದಾಗಿನಿಂದ ಆ ರೊಟ್ಟಿಗಾಗಿ ನನ್ನ ತೊಡೆಗೆ ಅಂಟಿಕೊಂಡು ಕೂಡುತ್ತಿದ್ದಳು. ಒಲೆಯ ಬಿಸಿಗೆ ಅವಳ ಕೆನ್ನೆ ಕೆಂಪಾಗುತ್ತಿತ್ತು. ಆಗ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

ಮಗಳಿಗೆ ಎರಡು ವರ್ಷ ತುಂಬಿದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಓಣಿಯಲ್ಲಿ ಹತ್ತಾರು ಮಂದಿಗೆ ಬಂದಂಥದೇ ಜ್ವರ. ಅವರೆಲ್ಲ ಎಂಟು ದಿನಕ್ಕೆ ಎದ್ದು ಕಳೆ ತೆಗೆಯಲು ಹೋದರು. ನನ್ನ ಜ್ವರವೂ ಹೋಯಿತು, ಹೋಗುವಾಗ ನನ್ನನ್ನೂ ಅರ್ಧ ಒಯ್ದಿತು. ಹತ್ತು ತಾಸು ಮಲಗಿ ಎದ್ದರೂ ಮಲಗಿಯೇ ಇಲ್ಲ ಎನ್ನುವಂತೆ ಮೈ. ಕಾಲುಗಳು ನೀರಲ್ಲಿ ನೆನೆದ ಗೋಣಿಚೀಲ. ತಲೆ ಬಾಚಿಕೊಂಡರೆ ಅರ್ಧ ಹೆಣೆಯುವಷ್ಟರಲ್ಲಿ ತೋಳು ಕೆಳಗೆ ಬೀಳುತ್ತಿತ್ತು. ಬೆಳಕು ಚುಚ್ಚುತ್ತಿತ್ತು. ಉಪ್ಪು ಕೇಳಬೇಕಾದರೆ ಉಪ್ಪು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಮೋಸದ್ದು ಎಂದರೆ, ದುಡಿದ ದಿನ ಏನೂ ಆಗುತ್ತಿರಲಿಲ್ಲ, ಮರುದಿನವೋ ಅದರ ಮರುದಿನವೋ ಒಮ್ಮೆಲೇ ನೆಲ ಹಿಡಿಸುತ್ತಿತ್ತು. ಹೀಗಾಗಿ ನೋಡಿದವರು ನಿನ್ನೆ ಚೆನ್ನಾಗಿಯೇ ಇದ್ದಳಲ್ಲ ಎನ್ನುತ್ತಿದ್ದರು.

ಆಳಂದದ ಡಾಕ್ಟರು ಟಾನಿಕ್ಕು ಬರೆದರು. ಕಲಬುರಗಿಯಲ್ಲಿ ರಕ್ತ ತೆಗೆದರು, ಎದೆಯ ಫೋಟೋ ತೆಗೆದರು, ಎಲ್ಲವೂ ನಾರ್ಮಲ್ ಎಂದರು. ಆ ನಾರ್ಮಲ್ ಎಂಬ ಮಾತು ನನ್ನನ್ನು ಕೆಡಿಸಿದಷ್ಟು ಯಾವ ಜ್ವರವೂ ಕೆಡಿಸಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳಿಗೆ ಕಾಮಾಲೆಯಾದಾಗ ಓಣಿಯವರೆಲ್ಲ ಎಳನೀರು ಹಿಡಿದುಕೊಂಡು ಹೋದರು. ಅವಳ ಕಣ್ಣು ಹಳದಿಯಾಗಿತ್ತು, ಎಲ್ಲರಿಗೂ ಕಾಣುತ್ತಿತ್ತು. ನನಗೆ ಆ ಹಳದಿ ಕಣ್ಣಿನ ಮೇಲೂ ಹೊಟ್ಟೆಕಿಚ್ಚಾಯಿತು. ಹೆಸರಿರುವ ರೋಗ ಬರುವುದಕ್ಕೂ ಪುಣ್ಯ ಬೇಕು ಎನಿಸಿತು. ಹೊಲದಿಂದ ಬಂದು ಕೊಟ್ಟಿಗೆಯಲ್ಲಿ ಮಲಗುವ ಎತ್ತಿನ ಮೇಲೂ ನನಗೆ ಅಸೂಯೆ, ಯಾಕೆಂದರೆ ಅದು ಮಲಗಿದರೆ ದಣಿದಿದೆ ಪಾಪ ಎನ್ನುತ್ತಿದ್ದರು.

ನಾನು ಮಲಗಿದರೆ ಅತ್ತೆ ಗಾದೆ ಹೇಳುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬುದು ಸೋಮವಾರಕ್ಕೆ, ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬುದು ಉಳಿದ ವಾರಕ್ಕೆ. ಅವರನ್ನು ಕೆಟ್ಟವರು ಎಂದು ಹೇಳಲಾರೆ. ಮುಂಜಾನೆ ಲಿಂಗಪೂಜೆ ಮುಗಿಸಿ ಕಣ್ಣು ಕಾಣದಿದ್ದರೂ ಕೈಯಲ್ಲಿ ತೊಗರಿ ಆರಿಸುತ್ತ ಕೂಡುವ ಹೆಂಗಸು ಅವರು. ದುಡಿಮೆಯೇ ಪೂಜೆ ಎಂದು ನಂಬಿದ ಮನೆಯಲ್ಲಿ ದುಡಿಯದೆ ಮಲಗಿದವಳು ಸೋಮಾರಿ ಮಾತ್ರ ಅಲ್ಲ, ಪಾಪಿಯೂ ಹೌದು. ಒಂದು ದಿನ ಅವರು ನನ್ನನ್ನು ಕರೆದು ಕೂಡಿಸಿಕೊಂಡು, ಸಿಟ್ಟಿಲ್ಲದೆ ಹೇಳಿದರು.

"ನೋಡವ್ವಾ, ನಿನ್ನ ಪಾಲಿನ ರೊಟ್ಟಿ ನೀ ಬಡಿ. ಆಗಲಿಲ್ಲಂದ್ರ ಅಫಜಲಪುರಕ್ಕ ಹೋಗಿ ಮಲಕೋ. ಕೂಸು ಮಾತ್ರ ಇಲ್ಲೇ ಇರ್ತದ."

ತವರಿಗೆ ಹಾಗೆ ಹೋದವಳು ತಿರುಗಿ ಬರುವುದು ಅಪರೂಪ ಎಂಬುದು ನನಗೆ ಗೊತ್ತಿತ್ತು. ಮುಂದೆ ಹೊಸಬಳು ಬರುತ್ತಾಳೆ, ನನ್ನ ಮಗಳು ಅವಳನ್ನು ಅವ್ವ ಎನ್ನುತ್ತಾಳೆ. ಅಂದಿನಿಂದ ಬದುಕು ಅಂದರೆ ಮೂವತ್ತು ರೊಟ್ಟಿ ಎಂದಾಯಿತು.

ಕೆಲವು ವಾರ ಹೇಗೋ ಬಡಿದೆ. ಬಡಿದು ಎದ್ದವಳು ಗೋಡೆ ಹಿಡಿದು ಅಡುಗೆಮನೆಯ ಪಕ್ಕದ ಕತ್ತಲ ಕೋಣೆಗೆ ಹೋಗಿ ಬಿದ್ದುಕೊಳ್ಳುತ್ತಿದ್ದೆ. ಮಗಳ ತಲೆ ಬಾಚುವುದು, ಮೀಸುವುದು, ಉಣಿಸುವುದು ಎಲ್ಲ ಅಕ್ಕನ ಪಾಲಾಯಿತು. ಅವಳು ಎರಡು ಕೊಡ ನೀರು ಹೊತ್ತು ಬರುವಾಗಲೂ ಸೊಂಟದ ಮೇಲೆ ನನ್ನ ಮಗಳಿರುತ್ತಿದ್ದಳು. ಮೂರು ಭಾರ ಹೊತ್ತು ನಗುತ್ತ ಬರುವ ಅವಳನ್ನು ಬಾಗಿಲ ಸಂದಿಯಿಂದ ನೋಡುತ್ತ ನಾನು ಹಲ್ಲು ಕಚ್ಚುತ್ತಿದ್ದೆ. ದೇವರು ಇಬ್ಬರಿಗೆ ಹಂಚಬೇಕಾದ ಕಸುವನ್ನು ಮರೆತು ಒಬ್ಬಳಿಗೇ ಸುರಿದುಬಿಟ್ಟಿದ್ದ. ಮಗಳು ಬಿದ್ದು ಮೊಣಕಾಲು ತರಚಿಕೊಂಡಾಗ "ದೊಡ್ಡವ್ವಾ" ಎಂದು ಅತ್ತಳು. ನಾನು ಎರಡು ಮಾರು ದೂರದಲ್ಲಿ ಮಲಗಿದ್ದೆ. ನೋವಾದಾಗ ಬಾಯಿಗೆ ಬರುವ ಹೆಸರೇ ಬದಲಾಗಿತ್ತು.

ಒಂದು ಮುಂಜಾನೆ ನನಗೆ ಏಳಲು ಆಗಲೇ ಇಲ್ಲ. ಕಣ್ಣು ತೆರೆದೆ, ಅಷ್ಟೇ. ಕೈಕಾಲು ನನ್ನ ಮಾತು ಕೇಳಲಿಲ್ಲ. ಗೋಡೆಯಾಚೆ ಅಕ್ಕನ ಟಪಟಪ ಓಡುತ್ತಿತ್ತು. ಅದು ಮುಗಿದರೆ ನನ್ನ ಸರದಿ. ಸಪ್ಪಳ ನಿಂತಾಗ ಅತ್ತೆ ಪಡಸಾಲೆಯಿಂದ ಕೇಳುತ್ತಾರೆ, ಸಂಜೆಯ ಬಸ್ಸಿಗೆ ನನ್ನ ಟ್ರಂಕು ಕಟ್ಟುತ್ತಾರೆ ಎಂದು ಎಣಿಸುತ್ತ ಮಲಗಿದ್ದೆ. ಅಕ್ಕನ ಬಡಿತ ನಿಂತಿತು.

ಆಮೇಲೆ ಗೋಡೆಯಾಚೆಯಿಂದ ಎರಡು ಸಣ್ಣ, ಒಂದು ದೊಡ್ಡ ಬಡಿತ ಕೇಳಿತು. ತಿರುಗಿಸುವಷ್ಟು ಬಿಡುವು. ಮತ್ತೆ ಎರಡು ಸಣ್ಣ, ಒಂದು ದೊಡ್ಡ. ನನ್ನ ಮಗಳು ಕಿಲಕಿಲ ನಕ್ಕಳು.

ನನಗೆ ಹೊಳೆದದ್ದು ಒಂದೇ: ಅಕ್ಕ ನನ್ನನ್ನು ಅಣಕಿಸುತ್ತಿದ್ದಾಳೆ. ನನ್ನ ಕೂಸನ್ನು ನಗಿಸಲು ನನ್ನ ಕೈಯನ್ನೇ ಆಡಿ ತೋರಿಸುತ್ತಿದ್ದಾಳೆ. ಅದಕ್ಕಿಂತ ಉರಿ ಎಬ್ಬಿಸಿದ್ದು ಬೇರೆ. ಅವಳು ಅದನ್ನು ಬಹಳ ಚೆನ್ನಾಗಿ ಬಡಿಯುತ್ತಿದ್ದಳು, ನಾನು ಗಟ್ಟಿ ಇದ್ದಾಗ ಬಡಿಯುತ್ತಿದ್ದ ಹಾಗೆಯೇ. ಮೂವತ್ತು ರೊಟ್ಟಿ ಮುಗಿಯುವ ತನಕ ನಾನು ದಿಂಬನ್ನು ಕಚ್ಚಿಕೊಂಡು ಕೇಳಿದೆ. ಕೊನೆಗೆ ಸಣ್ಣ ರೊಟ್ಟಿಯ ಮೆಲ್ಲನೆಯ ಬಡಿತವೂ ಬಂತು. ಅದನ್ನೂ ಅವಳೇ ಮಾಡಿ ನನ್ನ ಮಗಳ ಕೈಗೆ ಕೊಟ್ಟಳು.

ಅತ್ತೆ ಏನೂ ಕೇಳಲಿಲ್ಲ. ಮರುದಿನವೂ, ವಾರವಾದರೂ ಕೇಳಲಿಲ್ಲ. ನಾನು ಎದ್ದ ದಿನ ಬಡಿಯುತ್ತಿದ್ದೆ, ಏಳದ ದಿನ ಅಕ್ಕ ಅಣಕಿಸುತ್ತಿದ್ದಳು. ಬರಬರುತ್ತ ಏಳದ ದಿನಗಳೇ ಹೆಚ್ಚಾದವು. ಟ್ರಂಕು ಅಲ್ಲೇ ಇತ್ತು. ಇದಕ್ಕೆ ನನ್ನ ಗಂಡನೇ ಕಾರಣ, ತಾಯಿಯ ಮುಂದೆ ನನ್ನ ಪರ ಮಾತಾಡಿದ್ದಾನೆ ಎಂದು ನಾನು ನಿರ್ಧಾರ ಮಾಡಿಕೊಂಡೆ. ಅವನ ತಾಟಿಗೆ ಪುಂಡಿಪಲ್ಯ ಒಂದು ಸೌಟು ಹೆಚ್ಚು ಹಾಕಿದ್ದೂ ಉಂಟು. ಅವನು ಯಾಕೆ ಎಂದು ಕೇಳದೆ ಉಂಡ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ, ದಣಿದ ತಲೆಗೆ ಲೆಕ್ಕ ಬರುವುದಿಲ್ಲ. ನನಗೆ ಎರಡೂ ಇದ್ದವು.

ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಎಂದು ಎಡೆಯ ಅಡುಗೆ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣುತ್ತೇವೆ. ಹಿಂದಿನ ದಿನವೇ ಸಜ್ಜೆ ರೊಟ್ಟಿ ಬಡಿದಿಡಬೇಕು. ಸಜ್ಜೆಯ ಹಿಟ್ಟಿಗೆ ಜಿಗುಟು ಕಡಿಮೆ, ಬಡಿಯುವ ಕೈ ಗಟ್ಟಿಯಿರಬೇಕು. ಆ ಹಿಂದಿನ ದಿನ ಯಾಕೋ ಮೈ ಸ್ವಲ್ಪ ಹಗುರವಾಗಿತ್ತು. ಇಂಥ ಹಗುರ ದಿನಗಳೇ ಈ ರೋಗದ ಬಲೆ ಎಂದು ಆಗ ನನಗೆ ತಿಳಿದಿರಲಿಲ್ಲ. ಅಡುಗೆಮನೆಗೆ ಹೋದೆ. ಅಕ್ಕ ತನ್ನ ಪಾಲು ಮುಗಿಸಿ ನನ್ನ ಪಾಲಿಗೆ ಹಿಟ್ಟು ನಾದುತ್ತಿದ್ದಳು. ನನ್ನ ಮಗಳು ಅವಳ ತೊಡೆಗೆ ಅಂಟಿಕೊಂಡಿದ್ದಳು, ನನಗೆ ಅಂಟಿಕೊಳ್ಳುತ್ತಿದ್ದ ಹಾಗೆಯೇ.

"ಏಳು ಅಕ್ಕಾ," ಎಂದೆ. "ನನ್ನ ಸಪ್ಪಳ ನಿನಗ್ಯಾಕ ಬೇಕು? ನಿನಗ ನಿಂದಿಲ್ಲೇನು?"

ಅವಳು ನನ್ನ ಮುಖ ನೋಡಿದಳು. ಪಡಸಾಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಎದ್ದು ಜಾಗ ಬಿಟ್ಟಳು.

ನಾನು ಕೂತು ಬಡಿಯತೊಡಗಿದೆ. ಹತ್ತು ರೊಟ್ಟಿಗೆ ಭುಜ ಉರಿಯಿತು. ಹದಿನೈದಕ್ಕೆ ಬೆರಳು ಮರಗಟ್ಟಿತು. ಎರಡು ಸಣ್ಣ ಬಡಿತ ಬೀಳುತ್ತಿತ್ತು, ದೊಡ್ಡದು ಬೀಳುವ ಹೊತ್ತಿಗೆ ಕೈ ಸೋತು ಜಾರುತ್ತಿತ್ತು. ಆದರೂ ಬಿಡಲಿಲ್ಲ. ಮಗಳು ನೋಡಲಿ, ಅಕ್ಕ ನೋಡಲಿ, ಎಲ್ಲರೂ ಕೇಳಲಿ ಎಂದು ಹಟ. ಆಗ ಪಡಸಾಲೆಯಿಂದ ಅತ್ತೆಯ ಧ್ವನಿ ಬಂತು.

"ಅದ್ಯಾರು ಬಡೀಲಾಕತ್ತೀರಿ ಒಳಗ? ಸಣ್ಣಾಕಿ ಎಲ್ಲಿ ಹೋದ್ಳು? ಇದು ಆಕಿ ಕೈ ಅಲ್ಲ."

ನನ್ನ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಆ ಮನೆಯ ಸಣ್ಣ ಸೊಸೆ ನಾನೇ. ಬಡಿಯುತ್ತಿದ್ದವಳೂ ನಾನೇ.

ಬಾಗಿಲಲ್ಲಿ ನಿಂತಿದ್ದ ಅಕ್ಕ ತಡಮಾಡದೆ ಉತ್ತರ ಕೊಟ್ಟಳು. "ಆಕೀನೇ ಅದಾಳ್ರಿ ಅತ್ತಿ. ಸಜ್ಜಿ ಹಿಟ್ಟು ಬಿರುಸಾಗ್ಯದ, ಅದಕ್ಕ ಹಂಗ ಕೇಳಸ್ತದ."

ಅತ್ತೆ ಹೂಂ ಎಂದು ತೊಗರಿಗೆ ಮರಳಿದರು. ನಾನು ಅಕ್ಕನನ್ನು ನೋಡಿದೆ. ಅವಳು ಬೆರಳು ತುಟಿಗಿಟ್ಟು, ನನ್ನ ರೆಟ್ಟೆ ಹಿಡಿದು ಎಬ್ಬಿಸಿ ಕೋಣೆಗೆ ಒಯ್ದು ಮಲಗಿಸಿದಳು. ಆಮೇಲೆ ಗೋಡೆಯಾಚೆ ಮತ್ತೆ ನನ್ನ ಸಪ್ಪಳ ಶುರುವಾಯಿತು. ಇಷ್ಟು ದಿನ ಮನೆಯಲ್ಲಿ ನನ್ನನ್ನು ಉಳಿಸಿದ್ದು ಆ ಸಪ್ಪಳ, ನನ್ನ ಗಂಡನಲ್ಲ ಎಂಬುದು ಆಗ ತಲೆಗೆ ಹೋಯಿತು. ನಾಚಿಕೆಯಾಯಿತು. ಕೃತಜ್ಞತೆಯೂ ಆಗಬೇಕಿತ್ತು, ಆಯಿತೋ ಏನೋ ನೆನಪಿಲ್ಲ. ನೆನಪಿರುವುದು, ನನ್ನ ಕೈ ಈಗ ನನ್ನದಲ್ಲ ಅವಳದು ಎಂದು ಉರಿದ ಉರಿ.

ಮರುದಿನ ಎಲ್ಲರೂ ಹೊಲಕ್ಕೆ ಹೋದರು. ನನಗೆ ಹೊರಳಲೂ ಆಗುತ್ತಿರಲಿಲ್ಲ. ಮಧ್ಯಾಹ್ನ ಅಕ್ಕ ಒಬ್ಬಳೇ ನಡೆದು ಬಂದು ಭಜ್ಜಿ ಪಲ್ಯ, ಕಡಬು ತಂದಿಟ್ಟಳು. ನಾನು ಅವಳನ್ನು ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ಪ್ರೀತಿ, ಕರುಣೆ ಅಂಥದೇನೂ ಹೇಳಲಿಲ್ಲ.

"ನೀ ಹೋದ್ರ ನಿನ್ನ ಕೂಸು ನನ್ನ ಕೊರಳಿಗೆ ಬೀಳ್ತದ. ನನಗ ನನ್ನ ಎರಡೇ ಸಾಕಾಗ್ಯಾವ. ಮತ್ತ ಹೊಸಾಕಿ ಬಂದ್ರ ಆಕಿ ಎಂಥಾಕಿ ಇರ್ತಾಳೋ ಯಾರಿಗ್ಗೊತ್ತು. ನೀನರ ಮಲಕೊಂಡಿರ್ತಿ, ಬಾಯಿ ಮಾಡಂಗಿಲ್ಲ."

ಆ ಸಲ ನಾನು ಮೂರು ತಿಂಗಳು ಏಳಲಿಲ್ಲ. ಎದ್ದು ಕೂಡುವಂತಾದ ಮೇಲೆ ಅಕ್ಕ ತವರಿಗೆ ಹೋಗುವ ನೆಪ ಮಾಡಿ ನನ್ನನ್ನು ಬಸ್ಸಿನಲ್ಲಿ ಜೇವರ್ಗಿಗೆ ಕರೆದೊಯ್ದಳು. ಅಲ್ಲಿ ಅವಳ ತವರಿನವರಿಗೆ ಗೊತ್ತಿದ್ದ ಒಬ್ಬ ಮುದಿ ಡಾಕ್ಟರಿದ್ದರು. ಅವರು ರಕ್ತ ತೆಗೆಯಲಿಲ್ಲ, ಒಂದು ತಾಸು ನನ್ನ ಮಾತು ಕೇಳಿದರು. ಇದಕ್ಕೆ ಹೆಸರು ತಮಗೆ ಗೊತ್ತಿಲ್ಲ, ಔಷಧಿಯೂ ಇಲ್ಲ, ಆದರೆ ಇದು ಸೋಮಾರಿತನ ಅಲ್ಲ ಎಂದರು. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಔಷಧಿ: "ಹತ್ತು ರೊಟ್ಟಿ ಬಡಿತೇನಿ ಅನಸ್ತಂದ್ರ ಐದು ಬಡಿದು ಏಳ್ರಿ. ದಣದ ಮ್ಯಾಲ ಮಲಗೂದಲ್ಲ, ದಣಿಯೂಕಿಂತ ಮೊದಲು ಮಲಗಬೇಕು." ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ನಾನು ಅತ್ತುಬಿಟ್ಟೆ. ಅಕ್ಕ ಶೇಂಗಾ ಕೊಂಡು ತಿನ್ನುತ್ತ, ನಾನು ಅಳುವುದು ಮುಗಿಸಲಿ ಎಂದು ಕಾಯ್ದಳು.

ಅಂದಿನಿಂದ ನಮ್ಮಿಬ್ಬರ ಒಪ್ಪಂದ ನಡೆಯಿತು. ಐವತ್ತೈದು ಅವಳು ಬಡಿಯುತ್ತಿದ್ದಳು, ಅದರಲ್ಲಿ ಇಪ್ಪತ್ತೈದು ನನ್ನ ಸಪ್ಪಳದಲ್ಲಿ. ಕೊನೆಯ ಐದು ನಾನು, ಗೋಡೆಗೆ ಒರಗಿ ಕೂತು. ಆಮೇಲೆ ಸಣ್ಣ ರೊಟ್ಟಿ ನನ್ನದೇ. ಅಷ್ಟಕ್ಕೆ ಬೇಕಾದ ಹಿಟ್ಟನ್ನು ಅವಳು ನಾದಿ ಪಕ್ಕಕ್ಕಿಡುತ್ತಿದ್ದಳು. ತಲೆಸ್ನಾನ ಮಾಡಿದ ದಿನ ರೊಟ್ಟಿ ಇಲ್ಲ, ಸಂತೆಗೆ ಹೋದರೆ ಮರುದಿನ ಮಾತು ಕೂಡ ಇಲ್ಲ. ಕಾಯಿಪಲ್ಯ ಹೆಚ್ಚುವುದು ಮಲಗಿಕೊಂಡೇ ಕಲಿತೆ. ಹಗುರ ದಿನ ಬಂದರೆ ಹೆದರಿ ಇನ್ನೂ ಬೇಗ ಮಲಗುತ್ತಿದ್ದೆ. ಹೀಗೆ ಪೂರ್ತಿ ನೆಲ ಹಿಡಿಯುವುದು ತಪ್ಪಿತು, ಗುಣ ಮಾತ್ರ ಆಗಲಿಲ್ಲ.

ಸಣ್ಣ ರೊಟ್ಟಿಯ ಆಸೆಗೆ ಮಗಳು ಮತ್ತೆ ನನ್ನ ಪಕ್ಕಕ್ಕೆ ಬಂದಳು. ಬಂದಳು ಎಂದರೆ ಅರ್ಧ ಬಂದಳು. ಅರ್ಧ ರೊಟ್ಟಿ ನನ್ನ ಹತ್ತಿರ ಕೂತು ತಿಂದು, ಇನ್ನರ್ಧ ದೊಡ್ಡವ್ವನಿಗೆ ಎಂದು ಹಿಡಿದುಕೊಂಡು ಓಡುತ್ತಿದ್ದಳು. ಇಷ್ಟೆಲ್ಲ ಮಾಡಿದವಳಿಗೆ ಅರ್ಧ ರೊಟ್ಟಿ ಹೋದರೇನು ಎಂದು ಮನಸ್ಸಿಗೆ ಬುದ್ಧಿ ಹೇಳುತ್ತಿದ್ದೆ. ಮನಸ್ಸು ಕೇಳುತ್ತಿತ್ತು, ಹೊಟ್ಟೆ ಕೇಳುತ್ತಿರಲಿಲ್ಲ.

ಅತ್ತೆ ತೀರಿಕೊಂಡರು. ಸಪ್ಪಳ ಕೇಳುವವರು ಇಲ್ಲವಾದರು. ಇಪ್ಪತ್ತೈದು ರೊಟ್ಟಿಯನ್ನು ಅಕ್ಕ ಯಾಕೆ ಇನ್ನೂ ನನ್ನ ಕೈಯಲ್ಲೇ ಬಡಿಯುತ್ತಾಳೆ ಎಂದು ನಾನು ಕೇಳಲಿಲ್ಲ. ರೂಢಿಯಾಗಿರಬೇಕು ಎಂದುಕೊಂಡೆ. ತೊಂಬತ್ತರ ದಶಕದಲ್ಲಿ ಒಮ್ಮೆ, ಸಾಮಾನು ಕಟ್ಟಿ ಬಂದ ಪತ್ರಿಕೆಯ ತುಂಡಿನಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಓದಿದೆ. ಮಲಗಿದರೂ ಹೋಗದ ದಣಿವು, ದುಡಿದ ಮರುದಿನ ಬೀಳುವುದು, ಮಾತು ಮರೆಯುವುದು, ಎಲ್ಲವೂ ಅಲ್ಲಿತ್ತು. ಹನ್ನೆರಡು ವರ್ಷದ ಮೇಲೆ ನನ್ನ ರೋಗಕ್ಕೆ ಹೆಸರು ಸಿಕ್ಕಿತ್ತು. ತುಂಡು ಹಿಡಿದುಕೊಂಡು ಅಕ್ಕನ ಹತ್ತಿರ ಹೋಗಿ ಓದಿ ಹೇಳಿದೆ. ಅವಳು ಮೂರು ಸಲ ಹೇಳಿಸಿಕೊಂಡು, ಇಷ್ಟು ದೊಡ್ಡ ಹೆಸರು ಇಟ್ಟುಕೊಂಡು ಸುಮ್ಮನೆ ಮಲಗಿದ್ದೆಯಾ ಎಂದು ನಕ್ಕಳು.

ಮಗಳಿಗೆ ಹದಿನೆಂಟು ತುಂಬಿದಾಗ ನೋಡಲು ಬಂದರು. ನಾನು ಆ ದಿನಕ್ಕಾಗಿ ಮೂರು ದಿನ ಮೊದಲೇ ಮಲಗಿ ಕಸುವು ಕೂಡಿಟ್ಟಿದ್ದೆ. ಆದರೂ ಪಡಸಾಲೆಯ ಗೋಡೆಗೆ ಒರಗಿ ಕೂಡುವಷ್ಟೇ ಆಯಿತು, ಅತ್ತೆ ಕೂಡುತ್ತಿದ್ದ ಜಾಗದಲ್ಲಿ. ಅಕ್ಕ ಓಡಾಡಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ನೋಡಿದವರು ಅವಳೇ ತಾಯಿ ಎಂದುಕೊಂಡಿದ್ದರೆ ತಪ್ಪೇನಿಲ್ಲ. ಒಳಗೆ ಮಗಳು ಬೀಗರ ಊಟಕ್ಕೆ ರೊಟ್ಟಿ ಬಡಿಯತೊಡಗಿದಳು. ಅಷ್ಟು ವರ್ಷ ಮುಂಜಾನೆಯ ರೊಟ್ಟಿ ನಾವೇ ಬಡಿಯುತ್ತಿದ್ದೆವು. ಶಾಲೆ ಮುಗಿಸಿ ಬಂದು ಸಂಜೆ ಅವಳು ದೊಡ್ಡವ್ವನ ಹತ್ತಿರ ಕಲಿಯುತ್ತಿದ್ದಾಗ ನಾನು ದಣಿವಿಗೆ ಸಪ್ಪಳ ತಾಳದೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಿದ್ದೆ. ಅವಳ ಕೈಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

ಎರಡು ಸಣ್ಣ, ಒಂದು ದೊಡ್ಡ ಬಡಿತ. ತಿರುಗಿಸುವಷ್ಟು ಬಿಡುವು. ನನಗೆ ಇಪ್ಪತ್ತು ವರ್ಷವಾಗಿದ್ದಾಗಿನ ಗಟ್ಟಿ ಕೈ.

ಹುಡುಗನ ತಾಯಿಯೂ ಕಿವಿಗೊಟ್ಟು ಕೇಳಿದರು. ಊಟಕ್ಕೆ ಬಡಿಸಲು ಮಗಳು ಹೊರಗೆ ಬಂದಾಗ, ರೊಟ್ಟಿ ಯಾರು ಕಲಿಸಿದರು ಎಂದು ಕೇಳಿದರು. ಮಗಳು ಯೋಚನೆ ಮಾಡದೆ, ನಮ್ಮ ದೊಡ್ಡವ್ವ ಎಂದಳು. ಹದಿನಾರು ವರ್ಷದ ಹಳೆಯ ಉರಿ ಹೊಟ್ಟೆಯಲ್ಲಿ ಎದ್ದಿತು. ನಾನು ತಲೆ ತಗ್ಗಿಸಿದೆ.

ಚಹಾದ ತಾಟು ಹಿಡಿದು ನಿಂತಿದ್ದ ಅಕ್ಕ ಅವರ ಕಡೆ ತಿರುಗಿದಳು.

"ನಾ ಕಲಿಸೀನಿ ಖರೆ. ಆದ್ರ ನನ್ನ ಕೈ ಹಿಂಗಿಲ್ರಿ," ಎಂದಳು. "ಇದು ಅವರವ್ವನ ಕೈ. ಅಲ್ಲಿ ಕುಂತಾಳಲ್ರಿ, ಆಕೀದು."

ಎಲ್ಲರೂ ನನ್ನನ್ನು ನೋಡಿದರು, ಮಗಳೂ ನೋಡಿದಳು. ಅತ್ತೆ ಹೋದ ಮೇಲೂ ಅವಳು ಯಾಕೆ ನನ್ನ ಸಪ್ಪಳ ಬಿಟ್ಟಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಮಗಳು ಬಂದು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ನನ್ನ ಮಗಳಿಗೆ ಆ ಮಾತು ಹೇಳುವ ಭಾಗ್ಯವೂ ಅಕ್ಕನಿಗೇ ಸಿಕ್ಕಿತಲ್ಲ ಎಂದು, ರೊಟ್ಟಿ ಮುರಿಯುತ್ತ ಆಗಲೂ ಹೊಟ್ಟೆಕಿಚ್ಚು ಪಟ್ಟೆ.